ಕಿವಿ ನೆಟ್ಟಗಿದ್ದರೆ ಒಂದು ತಳಿ, ಜೋತುಬಿದ್ದರೆ ಇನ್ನೊಂದು!

ಮೈಯೆಲ್ಲಾ ಕಪ್ಪು. ಮೂತಿ, ನಾಲ್ಕು ಕಾಲು, ಬಾಲದ ತುದಿ ಮಾತ್ರ ಬಿಳಿ. ಇಂಥ ಹಂದಿಯ ಕಿವಿ ನೆಟ್ಟಗೆ ನಿಂತಿದ್ದರೆ ಅದು ಬರ್ಕ್‌ಷೈರ್, ಕಿವಿ ಜೋತುಬಿದ್ದಿದ್ದರೆ ಪೋಲೆಂಡ್ ಚೈನಾ. ಬಿಳಿ ಹಂದಿಯಾದರೆ? ನೆಟ್ಟಗಿನ ಕಿವಿಯದ್ದು ಯಾರ್ಕ್‌ಷೈರ್, ಬಾಗಿದ ಕಿವಿಯದ್ದು ಲ್ಯಾಂಡ್‌ರೇಸ್. ಸರಿ, ಕಿವಿ ನೆಟ್ಟಗೂ ಇಲ್ಲ, ಪೂರ್ತಿ ಬಾಗಿಯೂ ಇಲ್ಲ ಅಂದರೆ? ಅಲ್ಲಿಂದಲೇ ಜಗಳ ಶುರು.

ಅಮೆರಿಕದ ಟೆಕ್ಸಸ್‌ನಲ್ಲಿ ಪ್ರಾಜೆಕ್ಟ್ ಮೇಲೆ ಎರಡು ವರ್ಷ ಇದ್ದಾಗ ಈ ಜಗಳದ ಪರಿಚಯವಾಯಿತು. ಆಫೀಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಸಹೋದ್ಯೋಗಿಯ ಮಗಳಿಗೆ ಹದಿನಾಲ್ಕು ವರ್ಷ. ಅವಳ ಹತ್ತಿರ ಒಂದು ಸ್ಟೀರ್ ಇತ್ತು. ಸ್ಟೀರ್ ಅಂದರೆ ಬೀಜ ಒಡೆಸಿ ಮಾಂಸಕ್ಕಾಗಿ ಬೆಳೆಸುವ ಹೋರಿ. ಬೆಳಿಗ್ಗೆ ಐದಕ್ಕೆ ಎದ್ದು ಮೇವು ಹಾಕುವುದು, ಮೈ ತೊಳೆಯುವುದು, ಬಾಚುವುದು, ಹಗ್ಗ ಹಿಡಿದು ನಡೆಸುವುದು, ಎಲ್ಲಾ ಅವಳದ್ದೇ ಕೆಲಸ. ಆಮೇಲೆ ಸ್ಕೂಲು.

ಮಕ್ಕಳ ಆಟ ಅಲ್ಲ

ಇದಕ್ಕೆ ದೊಡ್ಡ ಇತಿಹಾಸವೇ ಇದೆ. ಹಳ್ಳಿ ಮಕ್ಕಳಿಗೆ ಕೃಷಿ ಕಲಿಸುವ 4-ಎಚ್ ಕ್ಲಬ್‌ಗಳ ಮೂಲ 1902ರಲ್ಲಿ ಓಹಾಯೋದಲ್ಲಿ. ಹೈಸ್ಕೂಲ್ ಮಕ್ಕಳ ಎಫ್‌ಎಫ್‌ಎ ಸಂಘಟನೆ 1928ರದ್ದು. ಈ ಮಕ್ಕಳು ವರ್ಷವಿಡೀ ಸಾಕಿದ ಪ್ರಾಣಿಗಳನ್ನು ಮೊದಲು ಕೌಂಟಿ ಶೋಗೆ, ಆಮೇಲೆ ಫೋರ್ಟ್ ವರ್ತ್, ಸ್ಯಾನ್ ಆಂಟೋನಿಯೊ, ಹ್ಯೂಸ್ಟನ್‌ನಂಥ ದೊಡ್ಡ ಶೋಗಳಿಗೆ ಕರೆದೊಯ್ಯುತ್ತಾರೆ.

ದುಡ್ಡು ಎಷ್ಟಿದೆ ಗೊತ್ತಾ? 2022ರಲ್ಲಿ ಹ್ಯೂಸ್ಟನ್ ಶೋದ ಗ್ರ್ಯಾಂಡ್ ಚಾಂಪಿಯನ್ ಸ್ಟೀರ್ ಹರಾಜಿನಲ್ಲಿ 10 ಲಕ್ಷ ಡಾಲರಿಗೆ ಹೋಯಿತು. ಅಷ್ಟೂ ಹಣ ಮಗುವಿಗೆ ಸಿಗುವುದಿಲ್ಲ. ನಿಗದಿಯಾದ ಮೊತ್ತ ಮಗುವಿಗೆ, ಉಳಿದದ್ದು ಸ್ಕಾಲರ್‌ಶಿಪ್ ನಿಧಿಗೆ. ಆದರೂ ಕಾಲೇಜ್ ಫೀಸಿನ ಚಿಂತೆ ಇರುವ ಮನೆಗೆ ಅದು ದೊಡ್ಡದೇ. ಇನ್ನೊಂದು ವಿಷಯ: ಹರಾಜಿಗೆ ಎಲ್ಲರಿಗೂ ಜಾಗ ಇಲ್ಲ. ಎಷ್ಟೋ ಶೋಗಳಲ್ಲಿ ಒಂದೊಂದು ತಳಿಗೆ ಇಷ್ಟಿಷ್ಟು ಸೀಟು ಅಂತ ಹಂಚುತ್ತಾರೆ. ಅಂದರೆ ನಿಮ್ಮ ಹೋರಿ ಯಾವ ತಳಿಯ ಸಾಲಿನಲ್ಲಿ ನಿಲ್ಲುತ್ತದೆ ಅನ್ನೋದು ಎಷ್ಟೋ ಸಲ ಅದು ಎಷ್ಟು ಚೆನ್ನಾಗಿದೆ ಅನ್ನೋದಕ್ಕಿಂತ ಮುಖ್ಯ.

ಕ್ಲಾಸಿಫೈಯರ್ ಅಧಿಕಾರಿಗಳ ಕೆಲಸ ಇರುವುದು ಇಲ್ಲೇ. ಜಡ್ಜ್ ನೋಡುವ ಮೊದಲೇ ಅವರು ಪ್ರತಿ ಪ್ರಾಣಿಯನ್ನು ನೋಡಿ, ಇದು ಹೇಳಿಕೊಂಡ ತಳಿಯದ್ದೇ ಹೌದಾ ಅಂತ ತೀರ್ಮಾನಿಸುತ್ತಾರೆ. ಟೆಕ್ಸಸ್‌ನಲ್ಲಿ ಸಾಮಾನ್ಯವಾಗಿ ಈ ತೀರ್ಮಾನ ಕಣ್ಣಳತೆಯದು. ಹೋರಿಯಾದರೆ ತಲೆಯ ಆಕಾರ, ಬಣ್ಣ, ಮೂಳೆ, ಕೂದಲು. ಹಂದಿಯಾದರೆ ಕಿವಿ, ಕಲೆ, ಪಟ್ಟೆ. ಅವರ ಮಾತೇ ಕೊನೆ, ಅಪೀಲು ಇಲ್ಲ. ಫೇಲ್ ಆದ ಪ್ರಾಣಿಯನ್ನು ಕೆಲವು ಶೋಗಳಲ್ಲಿ ಮಿಶ್ರತಳಿ ವಿಭಾಗಕ್ಕೆ ತಳ್ಳುತ್ತಾರೆ, ಕೆಲವು ಕಡೆ ಸೀದಾ ಮನೆಗೆ.

ಎರಡು ನಿಮಿಷದ ತೀರ್ಪು

ನನ್ನ ಸಹೋದ್ಯೋಗಿಯ ಮಗಳ ಹೋರಿ ಹೆರ್‌ಫರ್ಡ್. ಕೆಂಪು ಮೈ, ಬಿಳಿ ಮುಖ. ಅಪ್ಪ ಅಮ್ಮ ಇಬ್ಬರೂ ನೋಂದಾಯಿತ ತಳಿ, ಕೈಯಲ್ಲಿ ಪೇಪರ್ ಇದೆ. ಕ್ಲಾಸಿಫೈಯರ್ ಎರಡು ನಿಮಿಷ ಸುತ್ತಿ ನೋಡಿ, "ಹೆರ್‌ಫರ್ಡ್ ಥರ ಕಾಣ್ತಿಲ್ಲ, ಕ್ರಾಸ್‌ಗೆ ಹೋಗಲಿ" ಅಂದರು. ಕಾರಣ ಹೇಳಲಿಲ್ಲ, ಪೇಪರ್ ನೋಡಲೂ ಇಲ್ಲ. ಮಿಶ್ರತಳಿ ಅಲ್ಲಿ ಅತಿ ಕಠಿಣ ಸ್ಪರ್ಧೆಯ ವಿಭಾಗ. ಹುಡುಗಿಯ ಹೋರಿ ಹರಾಜಿನವರೆಗೆ ಬರಲೇ ಇಲ್ಲ.

ಅವಳಪ್ಪ ಮಾರನೇ ದಿನ ಆಫೀಸಿನಲ್ಲಿ ಹೇಳಿದ ಮಾತು ನನ್ನನ್ನು ಹೆಚ್ಚು ಕಾಡಿತು. ಅದೇ ಹೆರ್‌ಫರ್ಡ್ ಸಾಲಿನಲ್ಲಿ ಪಾಸಾದ ಕೆಲವು ಹೋರಿಗಳ ಮೈಯಲ್ಲಿ ಬೇರೆ ತಳಿಯ ರಕ್ತ ಇದೆ ಅಂತ ಅಲ್ಲಿದ್ದವರೆಲ್ಲ ಮಾತಾಡಿಕೊಳ್ಳುತ್ತಿದ್ದರಂತೆ. ಅವು "ಸಾಕಷ್ಟು" ಹೆರ್‌ಫರ್ಡ್ ಥರ ಕಾಣುತ್ತಿದ್ದವು, ಅಷ್ಟೇ.

ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಇದು ಹಳೇ ಕಥೆ. ನೀವು ಏನನ್ನು ಟೆಸ್ಟ್ ಮಾಡುತ್ತೀರೋ ಜನ ಅದಕ್ಕೇ ತಯಾರಾಗುತ್ತಾರೆ. ಮುಖ ಬಿಳಿ ಇರಬೇಕು ಅಂತ ಟೆಸ್ಟ್ ಇಟ್ಟರೆ, ಮುಖ ಮಾತ್ರ ಹೆರ್‌ಫರ್ಡ್ ಆಗಿ, ಹಿಂಭಾಗದ ಮಾಂಸಖಂಡ ಬೇರೆ ತಳಿಯದಾಗಿರುವ ಕರು ಹುಟ್ಟಿಸಲು ಬುದ್ಧಿವಂತ ಬ್ರೀಡರ್ ಕೂತಿರುತ್ತಾನೆ. ಅಂಥ ಕರುವಿಗೆ ದುಡ್ಡು ಜಾಸ್ತಿ. ಕೊಳ್ಳಲು ಆಗುವವರು ಕೊಳ್ಳುತ್ತಾರೆ. ಶುದ್ಧ ತಳಿಯನ್ನು ಪ್ರಾಮಾಣಿಕವಾಗಿ ಸಾಕಿದ ಮಗು ಅದೇ ಸಾಲಿನಲ್ಲಿ ಹಿಂದೆ ನಿಲ್ಲುತ್ತದೆ.

ಬರೀ ಬಣ್ಣ ನಂಬಿದರೆ ಏನಾಗುತ್ತೆ ಅನ್ನೋದಕ್ಕೆ ಅಲ್ಲಿನವರು ಇವತ್ತಿಗೂ ಹೇಳುವ ಉದಾಹರಣೆ 1972ರ ಡೆನ್ವರ್ ನ್ಯಾಷನಲ್ ವೆಸ್ಟರ್ನ್ ಶೋ. ಗ್ರ್ಯಾಂಡ್ ಚಾಂಪಿಯನ್ ಆದ ಕಪ್ಪು ಆಂಗಸ್ ಹೋರಿ, ಆಮೇಲೆ ನೋಡಿದರೆ ಡೈ ಹೊಡೆದ ತಿಳಿಬಣ್ಣದ ಶಾರೊಲೆ! ಪಟ್ಟ ವಾಪಸ್ ಹೋಯಿತು.

ಹಾಗಾದರೆ ಪೇಪರೇ ಸಾಕಲ್ಲವಾ?

ನಾನೂ ಮೊದಲು ಅದನ್ನೇ ಕೇಳಿದೆ. ಆದರೆ ಕ್ಲಾಸಿಫೈಯರ್‌ಗಳ ಪರವಾಗಿಯೂ ವಾದ ಇದೆ. ಪೇಪರ್‌ನಲ್ಲಿ ಸುಳ್ಳು ಬರೆಯಬಹುದು. ನೋಂದಾಯಿತ ಕರು ದುಬಾರಿ. ಪಕ್ಕದ ರೈತನ ಮಂದೆಯಿಂದ ಪೇಪರ್ ಇಲ್ಲದ ಒಳ್ಳೆ ಕರು ತಂದ ಬಡ ಹುಡುಗನಿಗೂ ಅವಕಾಶ ಸಿಗಲಿ ಅನ್ನುವುದಾದರೆ, ಕಣ್ಣಳತೆಯೇ ದಾರಿ. ಈ ಮಾತು ತಳ್ಳಿಹಾಕುವಂಥದ್ದಲ್ಲ.

ಡಿಎನ್‌ಎ? ತಮಾಷೆ ಇರುವುದೇ ಇಲ್ಲಿ. ಟೆಕ್ಸಸ್‌ನಲ್ಲಿ ದೊಡ್ಡ ಶೋಗೆ ಹೋಗುವ ಹೋರಿಗೆ ಹಿಂದಿನ ಬೇಸಿಗೆಯಲ್ಲೇ ಕಿವಿಗೆ ಟ್ಯಾಗ್ ಹಾಕಿ, ಕೂದಲಿನ ಸ್ಯಾಂಪಲ್ ತೆಗೆದಿಡುತ್ತಾರೆ. ಗೆದ್ದದ್ದು ಅದೇ ಹೋರಿಯಾ, ನಡುವೆ ಬದಲಾಯಿಸಿಲ್ಲವಾ ಅಂತ ನೋಡಲು. ಡಿಎನ್‌ಎ ಇದೆ, ಆದರೆ ತಳಿ ಕೇಳುವುದಕ್ಕಲ್ಲ. ಕೇಳಿದರೂ ಲ್ಯಾಬ್ ಕೊಡುವುದು ಶೇಕಡಾವಾರು ಲೆಕ್ಕ. ಎಷ್ಟು ಇದ್ದರೆ ಪಾಸ್ ಅಂತ ಗೆರೆ ಎಳೆಯಬೇಕಾದವರು ಮತ್ತೆ ಮನುಷ್ಯರೇ. ಆ ಗೆರೆಯೂ ಎಲ್ಲರಿಗೂ ಒಂದೇ ಅಲ್ಲ. ಅಮೆರಿಕದ ಸಿಮೆಂಟಲ್ ಸಂಘದಲ್ಲಿ ಎಂಟರಲ್ಲಿ ಏಳು ಪಾಲು ಇದ್ದರೆ ಶುದ್ಧ ತಳಿ ಅನ್ನುತ್ತಾರೆ. ಆಂಗಸ್‌ನವರು ಹಾಗೆ ಹೊರಗಿನ ರಕ್ತದಿಂದ ಮೇಲೇರಲು ಬಿಡುವುದಿಲ್ಲ.

ನಮ್ಮ ಊರಿನ ನಂಟೂ ಇದೆ, ಕೇಳಿ. ಟೆಕ್ಸಸ್ ಶೋಗಳಲ್ಲಿ "ಅಮೆರಿಕನ್" ಅಂತಲೇ ಒಂದು ವಿಭಾಗ ಇದೆ. ಅಲ್ಲಿ ಹೋಗಿ ನೋಡಿದರೆ ಡುಬ್ಬ, ಉದ್ದ ಕಿವಿ, ಜೋಲುವ ಗಂಗೆದೊಗಲು! ಬ್ರಾಹ್ಮನ್ ತಳಿ ಮತ್ತು ಅದರ ಮಿಶ್ರಣಗಳು. ಆಂಗಸ್ ಜೊತೆ ಸೇರಿ ಬ್ರಾಂಗಸ್, ಶಾರ್ಟ್‌ಹಾರ್ನ್ ಜೊತೆ ಸೇರಿ ಸಾಂತಾ ಗೆರ್ಟ್ರೂಡಿಸ್. 1924ರಲ್ಲಿ ಸಂಘ ಕಟ್ಟಿ "ಬ್ರಾಹ್ಮನ್" ಅಂತ ಹೆಸರಿಟ್ಟ ಈ ತಳಿಯ ಮೂಲ ಭಾರತದ ಗಿರ್, ಕಾಂಕ್ರೇಜ್, ಓಂಗೋಲ್ ಮತ್ತು ನಮ್ಮ ಕೃಷ್ಣಾ ಕಣಿವೆ ದನಗಳು. ಆ ಕೃಷ್ಣಾ ಕಣಿವೆ ತಳಿಯಾದರೂ ಏನು? 19ನೇ ಶತಮಾನದ ಕೊನೆಯ ಹೊತ್ತಿಗೆ ಗಿರ್, ಓಂಗೋಲ್, ಮೈಸೂರು ಕಡೆಯ ದನ, ಸ್ಥಳೀಯ ದನ ಎಲ್ಲಾ ಬೆರೆಸಿ ಎರೆಭೂಮಿ ಉಳಲು ಮಾಡಿಕೊಂಡದ್ದು. ಬೆರಕೆ ಆಗಿ ಹುಟ್ಟಿ, ಶುದ್ಧ ಅಂತ ಹೆಸರಾಗಿ, ಮತ್ತೆ ಬೆರೆತು ಅಲ್ಲಿ ಇನ್ನೊಂದು ಶುದ್ಧ ತಳಿಯಾಯಿತು. ಆದ್ದರಿಂದ "ತಳಿ" ಅನ್ನೋದು ಜನ ಕೂತು ಮಾಡಿಕೊಂಡ ಒಪ್ಪಂದ. ಒಪ್ಪಂದ ತಪ್ಪಲ್ಲ, ಆದರೆ ಎಲ್ಲರಿಗೂ ಒಂದೇ ಥರ ಅನ್ವಯ ಆಗಬೇಕು.

ರಾಜಕೀಯ ಎಲ್ಲಿ ನುಸುಳುತ್ತೆ?

ಈ ಲೋಕ ಚಿಕ್ಕದು. ಕರು ಮಾರುವವರು, ತರಬೇತಿ ಕೊಡುವವರು, ಕಮಿಟಿಯವರು, ಕ್ಲಾಸಿಫೈಯರ್‌ಗಳು ಒಬ್ಬರಿಗೊಬ್ಬರು ಪರಿಚಿತರು. ಹೆಸರಾಂತ ಬ್ರೀಡರ್ ಮಾರಿದ ಕರು ಬಂದಾಗ ಅನುಮಾನದ ಲಾಭ ಸಿಗುತ್ತೆ, ಹೊಸ ಮನೆಯ ಕರುವಿಗೆ ಸಿಗಲ್ಲ ಅನ್ನುವುದು ಪೋಷಕರ ದೂರು. ಪ್ರತಿ ಸಲವೂ ಅದು ನಿಜ ಅಂತ ನಾನು ಹೇಳಲಾರೆ. ಕಾರಣ ಬರೆದಿಡದ ವ್ಯವಸ್ಥೆಯಲ್ಲಿ ಅದನ್ನು ಸುಳ್ಳು ಅಂತ ಸಾಬೀತು ಮಾಡಲೂ ಆಗಲ್ಲ. ಪ್ರಾಮಾಣಿಕ ಕ್ಲಾಸಿಫೈಯರ್‌ಗೂ ಇದರಿಂದ ನಷ್ಟವೇ.

ದೊಡ್ಡ ತಂತ್ರಜ್ಞಾನ ಬೇಕಿಲ್ಲ. ತಿರಸ್ಕರಿಸಿದ ಪ್ರತಿ ಪ್ರಾಣಿಗೆ ಒಂದು ಸಾಲಿನ ಕಾರಣ ಬರೆದುಕೊಡಲಿ. ಹಂದಿಗಳ ವಿಷಯದಲ್ಲಿ ಇಂಥ ಸ್ಪಷ್ಟತೆ ಆಗಲೇ ಇದೆ: ಡ್ಯುರಾಕ್ ಮೈಮೇಲೆ ಬಿಳಿ ಕೂದಲಿದ್ದರೆ ಇಲ್ಲ, ಚರ್ಮದ ಮೇಲೆ ಮೂರಕ್ಕಿಂತ ಹೆಚ್ಚು ಕಪ್ಪು ಕಲೆ ಇದ್ದರೆ ಇಲ್ಲ. ಎಣಿಸಬಹುದು, ಮಗುವೇ ಮನೆಯಲ್ಲಿ ಎಣಿಸಿ ನೋಡಬಹುದು. ಒಬ್ಬರ ಬದಲು ಮೂವರು ಬೇರೆ ಬೇರೆಯಾಗಿ ನೋಡಲಿ. ಕಳೆದೆರಡು ವರ್ಷ ಯಾರಿಗೆ ಕರು ಮಾರಿದ್ದೀರಿ ಅಂತ ಕ್ಲಾಸಿಫೈಯರ್ ಮೊದಲೇ ತಿಳಿಸಲಿ. ಪೇಪರ್ ಇದ್ದರೆ ಅನುಮಾನದ ಕೇಸಿನಲ್ಲಾದರೂ ಅದನ್ನು ತೆರೆದು ನೋಡಲಿ.

ಸೋಲು ಕಲಿಸಲಿಕ್ಕೇ ಇಂಥ ಶೋಗಳು ಅಂತ ಅಲ್ಲಿ ಎಲ್ಲರೂ ಹೇಳುತ್ತಾರೆ. ಒಪ್ಪಿದೆ. ಪಕ್ಕದವನ ಹೋರಿ ಚೆನ್ನಾಗಿತ್ತು ಅಂತ ಸೋತರೆ ಮಗು ಮುಂದಿನ ವರ್ಷ ಮೇವು ಬದಲಿಸುತ್ತೆ, ಇನ್ನೂ ಬೇಗ ಏಳುತ್ತೆ. ಯಾಕೆ ಸೋತೆ ಅಂತಲೇ ಗೊತ್ತಾಗದಿದ್ದರೆ ಯಾರ ಪರಿಚಯ ಮಾಡಿಕೊಳ್ಳಬೇಕು ಅಂತ ಹುಡುಕುತ್ತೆ. ನನ್ನ ಸಹೋದ್ಯೋಗಿಯ ಮಗಳು ಮುಂದಿನ ವರ್ಷವೂ ಹೆರ್‌ಫರ್ಡ್ ಕರುವನ್ನೇ ತಂದಳು. ಅವಳಪ್ಪ ಮಾತ್ರ ಈ ಸಲ ಕರು ಕೊಳ್ಳುವ ಮೊದಲು ಕೇಳಿದ್ದು ತಳಿಯ ಪೇಪರ್ ಅಲ್ಲ, "ಇದು ಕ್ಲಾಸಿಫೈ ಆಗುತ್ತಾ?" ಅಂತ.