ಗಾಳಿ ಇಳಿದ ಮೇಲೆ ಇಗರ್ಜಿಯ ಕೆಲಸ

ಅಟ್ಲಾಂಟಿಕ್ ಸಾಗರದಲ್ಲಿ ಹುಟ್ಟಿ ಅಮೆರಿಕದ ದಂಡೆಗೆ ಅಪ್ಪಳಿಸುವ ಬಿರುಗಾಳಿಗೆ ಹರಿಕೇನ್ ಎಂದು ಹೆಸರು. ನಮ್ಮ ಬಂಗಾಳ ಕೊಲ್ಲಿಯ ಚಂಡಮಾರುತವೂ ಅದೂ ಒಂದೇ ಜಾತಿ. ಕಡಲು ಬೇರೆ, ಹೆಸರು ಬೇರೆ. ಜೂನ್ 1ರಿಂದ ನವೆಂಬರ್ 30ರವರೆಗೆ ಅಲ್ಲಿ ಅದರ ಕಾಲ. ಗಾಳಿಯ ವೇಗ ಗಂಟೆಗೆ 119 ಕಿಲೋಮೀಟರ್ ಮುಟ್ಟಿದರೆ ಹರಿಕೇನ್. 252 ಮುಟ್ಟಿದರೆ ಐದನೆಯ, ಅಂದರೆ ಕಡೆಯ ದರ್ಜೆಯದು. ಗಾಳಿ ಬೀಸುವುದು ಒಂದು ದಿನ, ಹೆಚ್ಚೆಂದರೆ ಎರಡು ದಿನ. ಆಮೇಲಿನ ಕೆಲಸ ವರ್ಷಗಟ್ಟಲೆಯದು. ಆ ಕೆಲಸದಲ್ಲಿ ಅಲ್ಲಿನ ಇಗರ್ಜಿಗಳ ಪಾಲು ದೊಡ್ಡದು. ಅದು ಹೇಗೆ ನಡೆಯುತ್ತದೆ ಎಂಬುದನ್ನು, ಕೇಳುಗ ಮಿತ್ರರೇ, ಮೊದಲು ಒಂದು ಕೇರಿಯ ಕಥೆಯಿಂದ ನೋಡೋಣ.

2005ರ ಆಗಸ್ಟ್ 29ರಂದು ಕತ್ರೀನಾ ಎಂಬ ಹರಿಕೇನ್ ಲೂಯಿಸಿಯಾನಾ ರಾಜ್ಯವನ್ನು ಹೊಕ್ಕಿತು. ನ್ಯೂ ಆರ್ಲಿಯನ್ಸ್ ನಗರವನ್ನು ಕಾಯುತ್ತಿದ್ದ ಒಡ್ಡುಗಳು ಒಡೆದು ನಗರದ ನೂರಕ್ಕೆ 80 ಪಾಲು ನೀರಿನಡಿ ಹೋಯಿತು. ಆ ನಗರದ ಪೂರ್ವದಂಚಿನಲ್ಲಿ ವಿಯೆಟ್ನಾಮಿನವರ ಒಂದು ಕೇರಿಯಿದೆ. 1954ರಲ್ಲಿ ವಿಯೆಟ್ನಾಂ ಇಬ್ಭಾಗವಾದಾಗ ಇವರ ಹಿರಿಯರಲ್ಲಿ ಅನೇಕರು ಉತ್ತರವನ್ನು ಬಿಟ್ಟು ದಕ್ಷಿಣಕ್ಕೆ ಬಂದಿದ್ದರು. 1975ರಲ್ಲಿ ಸೈಗಾನ್ ಬಿದ್ದಾಗ ಅದನ್ನೂ ಬಿಟ್ಟರು. ನ್ಯೂ ಆರ್ಲಿಯನ್ಸಿನ ಆರ್ಚ್‌ಬಿಷಪ್ ಹ್ಯಾನನ್ ಅವರು ಕರೆದು ನೆಲೆ ಕೊಡಿಸಿದರು. ಹಿತ್ತಿಲಲ್ಲಿ ತಮ್ಮ ನಾಡಿನ ಸೊಪ್ಪು ಬೆಳೆದು, ಬೆಳಗಿನ ಸಂತೆಯಲ್ಲಿ ಮಾರಿ, ಮೇರಿ ಕ್ವೀನ್ ಆಫ್ ವಿಯೆಟ್ನಾಂ ಎಂಬ ಇಗರ್ಜಿಯಲ್ಲಿ ತಮ್ಮ ನುಡಿಯಲ್ಲೇ ಪೂಜೆ ಕೇಳುತ್ತ ಮೂವತ್ತು ವರ್ಷ ಕಳೆದಿದ್ದರು. ಬೇರೆ ನುಡಿಯವರ ನಡುವೆ ನಮ್ಮ ನುಡಿ ಕೇಳಿಬರುವ ಒಂದು ಗುಡಿಯೋ ಶಾಲೆಯೋ ಇದ್ದರೆ ಅದರ ಬೆಲೆ ಏನೆಂದು ಗಡಿಯಲ್ಲಿರುವ ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಕತ್ರೀನಾ ಬಂದಾಗ ಇವರು ಮೂರನೆಯ ಸಲ ಮನೆ ಬಿಟ್ಟರು.

ಹೋದವರಲ್ಲಿ ಬಹಳ ಮಂದಿ ಟೆಕ್ಸಾಸಿನ ಹ್ಯೂಸ್ಟನ್ ನಗರವನ್ನು ಸೇರಿದರು. ಇಂಗ್ಲಿಷ್ ಸರಿಯಾಗಿ ಬಾರದ ಮುದುಕರು ಯಾವ ಶಿಬಿರದಲ್ಲಿ ಯಾರನ್ನು ಕೇಳಬೇಕು? ಇಲ್ಲಿ ಒಂದು ರೇಡಿಯೋ ಕೇಂದ್ರದ ಹೆಸರು ಹೇಳಲೇಬೇಕು, ನಮ್ಮ ಕಸುಬಿನ ಅಭಿಮಾನವೆಂದು ನೀವು ನಕ್ಕರೂ ಚಿಂತೆಯಿಲ್ಲ. ಹ್ಯೂಸ್ಟನ್ನಿನಲ್ಲಿ ವಿಯೆಟ್ನಾಮೀ ನುಡಿಯಲ್ಲಿ ಬಿತ್ತರಿಸುವ ರೇಡಿಯೋ ಸೈಗಾನ್, ಬರುತ್ತಿದ್ದವರಿಗೆ ಇಂಥ ಅಂಗಡಿ ಸಾಲಿನ ಬಳಿ ಬನ್ನಿ ಎಂದು ಹೇಳುತ್ತ, ಊರಿನವರಿಗೆ ನಿಮ್ಮ ಮನೆಯಲ್ಲಿ ಜಾಗ ಕೊಡಿ ಎಂದು ಹೇಳುತ್ತ ಇತ್ತು. ಸರಕಾರದ ಶಿಬಿರಕ್ಕೆ ಹೋಗದೆಯೇ ಎಷ್ಟೋ ಸಂಸಾರಗಳು ಗುರುತಿಲ್ಲದ ಸ್ವಜನರ ಮನೆ ಸೇರಿದವು.

ಈ ನಡುವೆ ಇಗರ್ಜಿಯ ಗುರುಗಳಾದ ಫಾದರ್ ವಿಯೆನ್ ಅವರು ಊರೂರಿಗೆ ಹೋಗಿ ತಮ್ಮ ಜನ ಎಲ್ಲೆಲ್ಲಿದ್ದಾರೆಂದು ಹುಡುಕಿ, ಹಿಂದಿರುಗಿ ಎಂದು ಕರೆದರು. ಅಕ್ಟೋಬರದಲ್ಲಿ, ಸುತ್ತಲಿನ ಬಡಾವಣೆಗಳು ಇನ್ನೂ ಖಾಲಿಯಾಗಿದ್ದಾಗಲೇ, ಇಲ್ಲಿ ಪೂಜೆ ನಡೆಯಿತು. ನೂರಾರು ಜನ ಬಂದರು. ಆದರೆ ವಿದ್ಯುತ್ ಇಲ್ಲ. ಗಿರಾಕಿಗಳು ಇದ್ದಾರೆಂದು ಗೊತ್ತಾಗದೆ ತಂತಿ ಎಳೆಯುವುದು ಹೇಗೆ ಎಂಬುದು ಕಂಪನಿಯ ವಾದ. ದೀಪವಿಲ್ಲದೆ ಬಂದಿರುವುದು ಹೇಗೆ ಎಂಬುದು ಜನರ ಪ್ರಶ್ನೆ. ಗುರುಗಳು ಹಿಂದಿರುಗಿದವರ ಹೆಸರು, ವಿಳಾಸಗಳ ಪಟ್ಟಿಯನ್ನೇ ಕಂಪನಿಯ ಮುಂದಿಟ್ಟರು. ಅಷ್ಟು ದಿನಗಳಲ್ಲಿ ಆ ಇಗರ್ಜಿ ಮಾಡಿದ ಅತಿ ದೊಡ್ಡ ಸೇವೆ ಆ ಪಟ್ಟಿಯೇ ಎಂದು ನನ್ನ ಎಣಿಕೆ. ದೀಪ ಬಂತು.

ಅಲ್ಲಿಗೇ ಮುಗಿಯಲಿಲ್ಲ. 2006ರ ಆರಂಭದಲ್ಲಿ ನಗರದ ಮೇಯರ್ ತುರ್ತು ಅಧಿಕಾರ ಬಳಸಿ, ಒಡೆದ ಮನೆಗಳ ಕಸವನ್ನೆಲ್ಲ ಈ ಕೇರಿಯ ಸಮೀಪದಲ್ಲೇ ಸುರಿಯಲು ಅಪ್ಪಣೆ ಕೊಟ್ಟರು. ನೆರೆಯಲ್ಲಿ ನೆಂದ ಮನೆಯ ಕಸವೆಂದರೆ ಬರಿಯ ಇಟ್ಟಿಗೆ, ಮರವಲ್ಲ. ಬಣ್ಣ, ಕೀಟನಾಶಕ, ಬ್ಯಾಟರಿ ಎಲ್ಲ ಅದರಲ್ಲಿರುತ್ತದೆ. ಪಕ್ಕದ ಕಾಲುವೆಯ ನೀರಿನಿಂದ ಸೊಪ್ಪು ಬೆಳೆಯುತ್ತಿದ್ದ ಅಜ್ಜ ಅಜ್ಜಿಯರು ಫಲಕ ಹಿಡಿದು ಬೀದಿಗಿಳಿದರು. ಇಗರ್ಜಿ ಅವರ ಜತೆ ನಿಂತಿತು. ಆ ವರ್ಷದ ಆಗಸ್ಟಿನಲ್ಲಿ ಕಸದ ಹೊಂಡಕ್ಕೆ ಬೀಗ ಬಿತ್ತು.

ಇದು ಪೆಟ್ಟು ತಿಂದ ಇಗರ್ಜಿಯ ಮಾತು. ಹೊರಗಿನಿಂದ ಬರುವ ಇಗರ್ಜಿಗಳ ರೀತಿ ಬೇರೆ. ಒಂದೊಂದು ಪಂಗಡ ಒಂದೊಂದು ಕೆಲಸವನ್ನು ರೂಢಿಸಿಕೊಂಡಿದೆ. ದಕ್ಷಿಣದ ಬ್ಯಾಪ್ಟಿಸ್ಟರದು ಅಡುಗೆ. 1967ರಲ್ಲಿ ಟೆಕ್ಸಾಸಿಗೆ ಬ್ಯೂಲಾ ಎಂಬ ಹರಿಕೇನ್ ಬಡಿದಾಗ ತಗಡಿನ ಡಬ್ಬಿಯ ಪುಟ್ಟ ಒಲೆಗಳ ಮೇಲೆ ಬೇಯಿಸಿ ಬಡಿಸಿದ್ದು ಮೊದಲು. ಈಗ ಲಾರಿಯ ಮೇಲೆ ಕಟ್ಟಿದ ಅಡುಗೆಮನೆಗಳೇ ಇವೆ. ಸಾಮಾನು ರೆಡ್ ಕ್ರಾಸಿನದು, ಬೇಯಿಸುವುದು ಬ್ಯಾಪ್ಟಿಸ್ಟರು, ಹಂಚುವ ಗಾಡಿ ಮತ್ತೆ ರೆಡ್ ಕ್ರಾಸಿನದು. ಮೆನೊನೈಟರೆಂಬ ಪಂಗಡದವರದು ಬಡಗಿ ಕೆಲಸ. 1950ರಿಂದ ಅವರ ಸಂಘ ಮನೆ ಕಟ್ಟಿಕೊಡುತ್ತ ಬಂದಿದೆ. ಬ್ರೆದರೆನ್ ಚರ್ಚಿನವರು 1980ರಿಂದ ಶಿಬಿರಗಳಲ್ಲಿ ಮಕ್ಕಳನ್ನು ಆಡಿಸುತ್ತಾರೆ. ಹಗುರ ಕೆಲಸವೆನ್ನಬೇಡಿ, ಪರಿಹಾರದ ಕಾಗದ ತುಂಬಲು ಸಾಲಿನಲ್ಲಿ ನಿಂತ ತಾಯಿಯನ್ನು ಕೇಳಿದರೆ ಅದರ ಭಾರ ತಿಳಿಯುತ್ತದೆ.

ಕೆಸರು ತೆಗೆಯುವುದು ಎಲ್ಲರ ಕೆಲಸ. ಅಲ್ಲಿನ ಮನೆಗಳು ಹೆಚ್ಚಾಗಿ ಮರದ ಚೌಕಟ್ಟಿನವು. ಚೌಕಟ್ಟಿಗೆ ಜಿಪ್ಸಂ ಹಲಗೆ ಬಡಿದು ಗೋಡೆ ಮಾಡಿರುತ್ತಾರೆ. ನೀರು ಕುಡಿದ ಹಲಗೆಯಲ್ಲಿ ಒಂದೆರಡು ದಿನಗಳೊಳಗೆ ಬೂಷ್ಟು ಹಿಡಿಯುತ್ತದೆ. ನಮ್ಮ ಕಲ್ಲಿನ ಗೋಡೆಯಂತೆ ತೊಳೆದು ಬಿಸಿಲಿಗೆ ಬಿಟ್ಟರೆ ಆಗದು. ಹಲಗೆಯನ್ನು ಕಿತ್ತು, ಒಳಗಿನ ಹತ್ತಿಯಂಥ ತುಂಬುವಸ್ತುವನ್ನು ತೆಗೆದು, ಮರವನ್ನು ಒಣಗಿಸಿ, ಬೂಷ್ಟಿನ ಔಷಧ ಹೊಡೆದು, ಆಮೇಲೆ ಹೊಸದಾಗಿ ಬಡಿಯಬೇಕು. ಇದಕ್ಕಾಗಿ ಮೆಥೊಡಿಸ್ಟ್ ಚರ್ಚಿನ ಪರಿಹಾರ ಸಮಿತಿ ಮುಚ್ಚಳದ ಬಕೆಟ್ಟುಗಳನ್ನು ಸಿದ್ಧ ಮಾಡಿಸುತ್ತದೆ. ಉಜ್ಜುವ ಬ್ರಷ್ಷು, ಸಾಬೂನು, ಕೈಗವಸು, ಮುಖಕ್ಕೆ ಮಾಸ್ಕು, ಬಟ್ಟೆ ಒಣಗಿಸುವ ಹಗ್ಗ ಅದರಲ್ಲಿರುತ್ತವೆ. ಪಟ್ಟಿಯಲ್ಲಿದ್ದಷ್ಟೇ ಹಾಕಬೇಕು, ಎಲ್ಲವೂ ಹೊಸದಿರಬೇಕು. ಕಟ್ಟುನಿಟ್ಟಿಗೆ ಕಾರಣವಿದೆ. ಕನಿಕರದಿಂದ ಕಳಿಸಿದ ಹಳೆಬಟ್ಟೆಯ ಗಂಟುಗಳು ರಾಶಿ ಬಿದ್ದು, ಬಿಚ್ಚಲು ಜನವಿಲ್ಲದೆ, ಇಡಲು ಜಾಗವಿಲ್ಲದೆ ಮಳೆಗೆ ಕೊಳೆಯುತ್ತವೆ. ಪರಿಹಾರದವರು ಅದನ್ನು ಎರಡನೆಯ ವಿಪತ್ತು ಎಂದೇ ಕರೆಯುತ್ತಾರೆ. ಆ ಸಮಿತಿಯ ಹಣದ ಪದ್ಧತಿಯೂ ಒಳ್ಳೆಯದು. ಪರಿಹಾರಕ್ಕೆಂದು ಕೊಟ್ಟ ಹಣವೆಲ್ಲ ಪರಿಹಾರಕ್ಕೇ ಹೋಗುತ್ತದೆ. ಕಚೇರಿ ಖರ್ಚಿಗೆ ವರ್ಷದಲ್ಲಿ ಒಂದು ಭಾನುವಾರ ಬೇರೆಯೇ ಕಾಣಿಕೆ ಎತ್ತುತ್ತಾರೆ.

1969ರಲ್ಲಿ ಕಮಿಲ್ ಎಂಬ ಹರಿಕೇನ್ ಬಂದಾಗ ಒಂದೇ ಓಣಿಗೆ ನಾಲ್ಕು ಸಂಘಗಳು ಹೋಗಿ, ಮುಂದಿನ ಓಣಿಗೆ ಯಾರೂ ಹೋಗದ ಸ್ಥಿತಿಯಾಯಿತು. ಅದರಿಂದ ಪಾಠ ಕಲಿತು 1970ರಲ್ಲಿ ಏಳು ಸಂಸ್ಥೆಗಳು ಒಂದು ಒಕ್ಕೂಟ ಮಾಡಿಕೊಂಡವು. ಈಗ ಸರಕಾರದ ನೆರವು ಮುಗಿದ ಮೇಲೂ ಉಳಿದ ಮನೆಗಳ ಪಟ್ಟಿಯನ್ನು ಒಂದು ಮೇಜಿನ ಸುತ್ತ ಕೂತು ನೋಡುತ್ತಾರೆ. ಒಬ್ಬರು ತಗಡು ಕೊಟ್ಟರೆ ಇನ್ನೊಬ್ಬರು ಬಡಗಿಯನ್ನು, ಮತ್ತೊಬ್ಬರು ತಂತಿಯ ಕೆಲಸದವನನ್ನು ಕೊಡುತ್ತಾರೆ.

ಅನ್ನ ಕೊಟ್ಟು ಮತ ಬದಲಿಸುತ್ತಾರೆಯೆ ಎಂಬ ಸಂಶಯ ನಿಮ್ಮಲ್ಲಿ ಕೆಲವರಿಗಾದರೂ ಬಂದಿರುತ್ತದೆ. ಕೇಳಬೇಕಾದ ಪ್ರಶ್ನೆಯೇ. 1994ರಲ್ಲಿ ರೆಡ್ ಕ್ರಾಸ್ ಮತ್ತು ಸ್ವಯಂಸೇವಾ ಸಂಸ್ಥೆಗಳು ಒಪ್ಪಿಕೊಂಡ ನಡವಳಿಕೆಯ ನಿಯಮಗಳಲ್ಲಿ, ಜಾತಿ ಮತ ನೋಡದೆ ಅಗತ್ಯ ನೋಡಿ ಕೊಡಬೇಕು, ನೆರವನ್ನು ಧರ್ಮದ ಪ್ರಚಾರಕ್ಕೆ ಬಳಸಬಾರದು ಎಂದಿದೆ. ಅದಕ್ಕೆ ಮೊದಲು ಸಹಿ ಹಾಕಿದವರಲ್ಲಿ ಕ್ಯಾಥೊಲಿಕರ ಕಾರಿತಾಸ್ ಕೂಡ ಒಂದು. ಆದರೆ ಎಲ್ಲ ಚರ್ಚುಗಳೂ ಆ ನಿಯಮಕ್ಕೆ ಸಹಿ ಹಾಕಿದವುಗಳಲ್ಲ.

ಸರಕಾರಕ್ಕೂ ಇಗರ್ಜಿಗೂ ಲೆಕ್ಕಾಚಾರ ಬಹುಕಾಲ ಒರಟಾಗಿತ್ತು. ನೆರೆಯವರಿಗೆ ಆಸರೆ ಕೊಟ್ಟ ಇಗರ್ಜಿಯ ಮಾಡು ಹಾರಿಹೋದರೆ ಅದರ ರಿಪೇರಿಗೆ ಸರಕಾರ ಕಾಸು ಕೊಡುತ್ತಿರಲಿಲ್ಲ. 2017ರಲ್ಲಿ ಹಾರ್ವಿ ಹರಿಕೇನ್ ಬಂದ ಮೇಲೆ ಟೆಕ್ಸಾಸಿನ ಕೆಲವು ಚರ್ಚುಗಳು ನ್ಯಾಯಾಲಯಕ್ಕೆ ಹೋದವು. 2018ರ ಜನವರಿಯಲ್ಲಿ ಆ ನಿಯಮ ಬದಲಾಯಿತು. ಇನ್ನೊಂದು ಲೆಕ್ಕ ಅನುಕೂಲದ್ದು. ಪುನರ್ನಿರ್ಮಾಣದ ಖರ್ಚಿನಲ್ಲಿ ಸ್ಥಳೀಯ ಆಡಳಿತ ಒಂದು ಪಾಲನ್ನು ಹಾಕಬೇಕು. ಸ್ವಯಂಸೇವಕರು ದುಡಿದ ಗಂಟೆಗಳಿಗೆ ಬೆಲೆ ಕಟ್ಟಿ ಆ ಪಾಲಿಗೆ ಜಮಾ ಮಾಡಿಕೊಳ್ಳಲು ಅವಕಾಶವಿದೆ. ಆದ್ದರಿಂದ ಇಗರ್ಜಿಯ ಬಾಗಿಲ ಬಳಿ ಒಂದು ಪುಸ್ತಕವಿರುತ್ತದೆ. ಕೆಸರು ಬಾಚಿ ಬಂದವರು ಕೈ ತೊಳೆದುಕೊಂಡು, ಹೆಸರು, ಬಂದ ಹೊತ್ತು, ಹೊರಟ ಹೊತ್ತು ಬರೆದು ಸಹಿ ಹಾಕಿ ಮನೆಗೆ ಹೋಗುತ್ತಾರೆ.