ಜನಸಂದಣಿಯಲ್ಲಿ ಇಬ್ಬರ ಮಾತು

ಮುಂಡಗೋಡದ ಟಿಬೇಟಿ ವಸತಿಯು 1966ರಲ್ಲಿ ಆರಂಭವಾಯಿತು. ಅಲ್ಲಿನ ವಿಹಾರಗಳ ಅಂಗಳದಲ್ಲಿ ಭಿಕ್ಷುಗಳು ತರ್ಕ ನಡೆಸುವುದನ್ನು ವಾಚಕರಲ್ಲಿ ಕೆಲವರು ಕಂಡಿರಬಹುದು. ಒಬ್ಬನು ಕುಳಿತಿರುತ್ತಾನೆ, ಇನ್ನೊಬ್ಬನು ಎದುರಿಗೆ ನಿಂತು, ಕಾಲನ್ನಪ್ಪಳಿಸಿ ಚಪ್ಪಾಳೆ ತಟ್ಟಿ ಪ್ರಶ್ನೆಯನ್ನೆಸೆಯುತ್ತಾನೆ. ಇಂಥ ಜೋಡಿಗಳು ಒಂದೇ ಅಂಗಳದಲ್ಲಿ ಹತ್ತಾರು. ಹೊರಗೆ ನಿಂತವರಿಗೆ ಅದು ಸಂತೆಯ ಗದ್ದಲ. ಆದರೆ ಪ್ರತಿಯೊಂದು ಜೋಡಿಗೂ ತನ್ನ ವಾದ ಸ್ಪಷ್ಟ. ಇದು ಹೇಗೆ?

ಶಬ್ದದ ತೀವ್ರತೆಯು ದೂರದ ವರ್ಗಕ್ಕೆ ವಿಲೋಮವಾಗಿ ಇಳಿಯುತ್ತದೆ. ಎಂಟು ಮೀಟರು ಆಚೆಯ ಧ್ವನಿಯು, ಒಂದು ಮೀಟರಿನಲ್ಲಿರುವ ಅಷ್ಟೇ ಗಟ್ಟಿಯಾದ ಧ್ವನಿಯ 64ರಲ್ಲೊಂದು ಪಾಲು ಮಾತ್ರ. ಎಂದರೆ 18 ಡೆಸಿಬೆಲ್ ಕಡಿಮೆ. ಮೇಲಾಗಿ ನಮಗೆ ಕಿವಿಗಳು ಎರಡು. ಪಕ್ಕದಿಂದ ಬಂದ ಶಬ್ದವು ಆಚೆಯ ಕಿವಿಯನ್ನು ಹೆಚ್ಚೆಂದರೆ 0.7 ಮಿಲಿಸೆಕೆಂಡಿನಷ್ಟು ತಡವಾಗಿ ಮುಟ್ಟುತ್ತದೆ. ಇಷ್ಟು ಅಂತರವೇ ಮೆದುಳಿಗೆ ದಿಕ್ಕನ್ನು ತಿಳಿಸಿ, ಬೇಕಾದ ಮಾತನ್ನು ಆರಿಸಿಕೊಳ್ಳಲು ನೆರವಾಗುತ್ತದೆ. ಗದ್ದಲದಲ್ಲಿ ಮಾತನ್ನು ಆರಿಸುವ ಈ ಶಕ್ತಿಯನ್ನು ಕಾಲಿನ್ ಚೆರಿ 1953ರಲ್ಲಿ ಪ್ರಯೋಗಗಳಿಂದ ವಿವರಿಸಿದನು.

ಈಗ ಬೇರೊಂದು ಅಂಗಳವನ್ನು ಕಲ್ಪಿಸಿಕೊಳ್ಳೋಣ. ದಾಂಡೇಲಿಯ ಒಬ್ಬರು, ಹಳಿಯಾಳದ ಒಬ್ಬರು ಕಣ್ಣಿಗೆ ಪರದೆಯ ಕವಚವನ್ನು ಧರಿಸಿ ವರ್ಚುಯಲ್ ರಿಯಾಲಿಟಿ ಎಂಬ ಕೃತಕ ಲೋಕವನ್ನು ಪ್ರವೇಶಿಸುತ್ತಾರೆ. ವಿಆರ್‌ಚಾಟ್ ಮೊದಲಾದ ಇಂಥ ಲೋಕಗಳಲ್ಲಿ ಹತ್ತಾರು ಜನ ಚಿತ್ರದೇಹಗಳನ್ನು ತಳೆದು ಒಂದೇ ಸಭಾಂಗಣದಲ್ಲಿ ಹರಟುತ್ತಾರೆ. ಅಲ್ಲಿ ಗಾಳಿಯಿಲ್ಲ, ಆದುದರಿಂದ ವಿಲೋಮವರ್ಗದ ನಿಯಮವೂ ತಾನಾಗಿ ಇರದು. ದೂರ ಸರಿದಂತೆ ಧ್ವನಿ ಇಷ್ಟು ಕ್ಷೀಣಿಸಲಿ, ಎರಡು ಕಿವಿಗಳ ನಡುವಿನ ಕಾಲಾಂತರ ಇಷ್ಟಿರಲಿ ಎಂದು ರಚನಕಾರನೇ ಲೆಕ್ಕ ಬರೆದು ಗಣಕಕ್ಕೆ ಒಪ್ಪಿಸಬೇಕು. ಪ್ರಕೃತಿಗಿಲ್ಲದ ಸ್ವಾತಂತ್ರ್ಯ ಅವನಿಗುಂಟು: ಎರಡು ಮಾರಿನಾಚೆ ಮಾತು ಅಳಿದೇಹೋಗಲಿ ಎಂದು ವಿಧಿಸಬಹುದು, ಇಬ್ಬರ ಸುತ್ತ ಕಾಣದ ಗುಳ್ಳೆಯೊಂದನ್ನು ಕಟ್ಟಬಹುದು.

ಆದರೆ ಕೇಳಿಸದಿರುವುದು ಬೇರೆ, ಗುಟ್ಟಾಗಿರುವುದು ಬೇರೆ. ಧ್ವನಿಯನ್ನು ತಗ್ಗಿಸುವ ಲೆಕ್ಕವು ಕೇಳುವವನ ಯಂತ್ರದಲ್ಲಿಯೇ ನಡೆಯುವುದಾದರೆ, ಇಡೀ ಮಾತು ಪ್ರತಿಯೊಬ್ಬರ ಮನೆಯನ್ನೂ ಮುಟ್ಟಿಯೇ ಇರುತ್ತದೆ. ತನ್ನ ಯಂತ್ರದ ಲೆಕ್ಕವನ್ನು ತಿದ್ದಬಲ್ಲವನಿಗೆ ಮೂಲೆಯ ಪಿಸುಮಾತೂ ಡಂಗುರವೇ. ಬಾಗಿಲಿಗೆ ಬೀಗ ಜಡಿದು ಕೀಲಿಕೈಯನ್ನು ಬೀದಿಯವನ ಕೈಗಿತ್ತಂತೆ! ಮನೆಯ ಸಾಲವನ್ನೋ ತನ್ನ ಕಾಯಿಲೆಯನ್ನೋ ಗೆಳೆಯನಿಗೆ ಹೇಳಿಕೊಳ್ಳುತ್ತಿರುವವನಿಗೆ ಇದರ ಸುಳಿವೇ ಹತ್ತದು. ಆದುದರಿಂದ ಗುಳ್ಳೆಯೊಳಗಿನ ಮಾತು ಹೊರಗಿನವರಿಗೆ ರವಾನೆಯೇ ಆಗಕೂಡದು. ಅಷ್ಟೂ ಸಾಲದು; ನಡುವೆ ನಿಂತ ಕೇಂದ್ರಗಣಕವು ಕೇಳಿಸಿಕೊಳ್ಳಬಲ್ಲುದು. ಇಬ್ಬರ ಯಂತ್ರಗಳಿಗೆ ಮಾತ್ರ ಗೊತ್ತಿರುವ ಕೀಲಿಯಿಂದ ಧ್ವನಿಯನ್ನು ಗೂಢಸಂಕೇತಕ್ಕೆ ತಿರುಗಿಸಿದರೆ ಆ ದಾರಿಯೂ ಮುಚ್ಚುತ್ತದೆ.

ಇನ್ನೊಂದು ಸಂಗತಿಯುಂಟು, ನಮ್ಮ ಮಟ್ಟಿಗೆ ಇದೇ ಹೆಚ್ಚಿನದು. ಮುಂಡಗೋಡದ ಅಂಗಳದಲ್ಲಿ ಒಂದು ಜೋಡಿಯ ಮಾತಿಗೆ ಕಿವಿಗೊಡಬೇಕಾದವನು ಹತ್ತಿರ ಬರಲೇಬೇಕು, ಬಂದರೆ ಕಾಣುತ್ತಾನೆ. ಕೃತಕ ಲೋಕದಲ್ಲಾದರೋ ದೇಹವಿಲ್ಲದ ಕಿವಿಯೂ ಇರಬಲ್ಲುದು. ಧ್ವನಿಯನ್ನು ಯಾರಾರಿಗೆ ಕಳುಹಿಸುತ್ತಿದ್ದೇನೆಂಬುದು ಕೇಂದ್ರಗಣಕಕ್ಕೆ ತಿಳಿದೇ ಇರುತ್ತದೆ. ಆ ಪಟ್ಟಿಯನ್ನು ಮಾತನಾಡುವವರ ಕಣ್ಣೆದುರು ತೋರಿಸುವುದಕ್ಕೆ ಹೊಸ ಶೋಧವೇನೂ ಬೇಕಿಲ್ಲ.