ಗುಬ್ಬಿ ಕಂಪನಿಯಿಂದ ಹೊರಟ ಹಾಡು: ಬಿ.ವಿ. ಕಾರಂತರ ಸಂಗೀತ

ಕಾರಂತ ಅಂದ ತಕ್ಷಣ ನಮ್ಮಲ್ಲಿ ಬಹಳ ಜನಕ್ಕೆ ನೆನಪಾಗೋದು ಶಿವರಾಮ ಕಾರಂತರು. ಈ ಲೇಖನ ಇನ್ನೊಬ್ಬ ಕಾರಂತರ ಬಗ್ಗೆ. ಪೂರ್ತಿ ಹೆಸರು ಬಾಬುಕೋಡಿ ವೆಂಕಟರಮಣ ಕಾರಂತ, ಎಲ್ಲರೂ ಕರೆಯೋದು ಬಿ.ವಿ. ಕಾರಂತ. ಇಬ್ಬರೂ ಕರಾವಳಿಯವರೇ. ಸಾಲದು ಅಂತ ಶಿವರಾಮ ಕಾರಂತರ ‘ಚೋಮನ ದುಡಿ’ ಕಾದಂಬರಿಯನ್ನು 1975ರಲ್ಲಿ ಸಿನಿಮಾ ಮಾಡಿದವರೂ ಇವರೇ. ಹಾಗಾಗಿ ಗೊಂದಲ ಆಗೋದು ಸಹಜ.

ಬಿ.ವಿ. ಕಾರಂತರನ್ನು ನಾಟಕ ನಿರ್ದೇಶಕರು, ಸಿನಿಮಾ ನಿರ್ದೇಶಕರು ಅಂತ ಪರಿಚಯಿಸೋದು ರೂಢಿ. ನಾವು ಇಲ್ಲಿ ಅವರ ಸಂಗೀತದ ಬಗ್ಗೆ ಮಾತ್ರ ಹೇಳ್ತೇವೆ. ಅವರು ಸ್ವತಃ ಹಾಡ್ತಿದ್ದರು, ಹಾಡಿಸ್ತಿದ್ದರು, ರಾಗ ಹಾಕ್ತಿದ್ದರು. ಕನ್ನಡದಲ್ಲಿ ‘ರಂಗಸಂಗೀತ’ ಅನ್ನೋ ಮಾತಿಗೆ ಇವತ್ತು ಇರೋ ಅರ್ಥದಲ್ಲಿ ದೊಡ್ಡ ಪಾಲು ಅವರದು. ಆ ಸಂಗೀತದ ಮೊದಲ ಪಾಠಶಾಲೆಯ ಹೆಸರಲ್ಲಿ ತುಮಕೂರಿಂದ ಸುಮಾರು 20 ಕಿಲೋಮೀಟರ್ ದೂರದ ಊರೊಂದು ಇದೆ. ಅದೇ ಗುಬ್ಬಿ.

ಕಾರಂತರು ಹುಟ್ಟಿದ್ದು 1929ರ ಸೆಪ್ಟೆಂಬರ್ 19ರಂದು, ಬಂಟ್ವಾಳ ತಾಲ್ಲೂಕಿನ ಮಂಚಿ ಹತ್ತಿರ. ಮೂರನೇ ಕ್ಲಾಸಲ್ಲಿದ್ದಾಗ ಕುವೆಂಪು ಅವರ ‘ನನ್ನ ಗೋಪಾಲ’ ನಾಟಕದಲ್ಲಿ ಪಾತ್ರ ಮಾಡಿದರು. ಅಲ್ಲಿಂದ ಹಿಡಿದ ನಾಟಕದ ಹುಚ್ಚು ಬಿಡಲಿಲ್ಲ. ಹುಡುಗ ಮನೆ ಬಿಟ್ಟು ಓಡಿಹೋಗಿ ಸೇರಿಕೊಂಡಿದ್ದು ಗುಬ್ಬಿ ವೀರಣ್ಣನವರ ನಾಟಕ ಕಂಪನಿಗೆ.

ಗುಬ್ಬಿ ಕಂಪನಿ ಶುರುವಾಗಿದ್ದು 1884ರಲ್ಲಿ. ಊರೂರಿಗೆ ಹೋಗಿ ಟೆಂಟ್ ಹಾಕಿ, ಜನ ಬರೋವರೆಗೂ ಆಡಿ, ಮುಂದಿನ ಊರಿಗೆ ಹೊರಡುವ ಕಂಪನಿ ಅದು. ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ಸ್ಟೇಜಿಗೆ ತಂದ ಖ್ಯಾತಿ ಇದರದು. ರಾಜ್‌ಕುಮಾರ್, ಜಿ.ವಿ. ಅಯ್ಯರ್, ನಮ್ಮ ತಿಪಟೂರಿನ ನರಸಿಂಹರಾಜು ಎಲ್ಲರೂ ಇಲ್ಲಿ ಪಳಗಿದವರೇ. ಕಾರಂತರು ಮತ್ತು ರಾಜ್‌ಕುಮಾರ್ ಒಂದೇ ವರ್ಷ ಹುಟ್ಟಿದವರು, ಒಂದೇ ಕಂಪನಿಯಲ್ಲಿ ಇದ್ದವರು.

ಕಂಪನಿ ನಾಟಕದಲ್ಲಿ ಹಾಡು ಹೇಗಿರ್ತಿತ್ತು ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳಬೇಕು. ಮೈಕ್ ಇಲ್ಲದ ಕಾಲದಲ್ಲಿ ಬೆಳೆದ ಪದ್ಧತಿ ಅದು. ಕೊನೇ ಸಾಲಿನವನಿಗೂ ಕೇಳಬೇಕಲ್ಲ, ಅದಕ್ಕೆ ನಟರು ಏರು ಶ್ರುತಿಯಲ್ಲಿ, ಬಿಗಿ ಕಂಠದಲ್ಲಿ ಹಾಡ್ತಿದ್ದರು. ಜೊತೆಗೆ ಹಾರ್ಮೋನಿಯಂ, ತಬಲಾ. ಇದರ ಹಿಂದೆ ಸರಳ ವಿಜ್ಞಾನ ಇದೆ. ಮನುಷ್ಯನ ಕಿವಿ ಸುಮಾರು 2000ದಿಂದ 4000 ಹರ್ಟ್ಜ್ ನಡುವಿನ ಶಬ್ದವನ್ನು ಚೆನ್ನಾಗಿ ಹಿಡಿಯುತ್ತೆ. ಬಿಗಿ ಕಂಠದಲ್ಲೂ ಹಾರ್ಮೋನಿಯಂ ರೀಡಲ್ಲೂ ಆ ಭಾಗದ ಹಾರ್ಮೋನಿಕ್ಸ್ ಜಾಸ್ತಿ. ಆಂಪ್ಲಿಫೈಯರ್ ಇಲ್ಲದೆ ದೂರ ಮುಟ್ಟೋಕೆ ಅವರು ಕಂಡುಕೊಂಡಿದ್ದ ದಾರಿ ಇದು.

ಹಾಡು ಹಿಡಿಸಿದರೆ ಜನ ‘ಒನ್ಸ್ ಮೋರ್’ ಅಂತ ಕೂಗ್ತಿದ್ದರು. ಕಥೆ ಅಲ್ಲೇ ನಿಂತು ಹಾಡು ಮತ್ತೊಮ್ಮೆ ಆಗ್ತಿತ್ತು. ಸತ್ತು ಬಿದ್ದ ಪಾತ್ರ ಎದ್ದು ಇನ್ನೊಮ್ಮೆ ಹಾಡಿ ಮತ್ತೆ ಸತ್ತ ಅನ್ನೋ ತಮಾಷೆ ಕಥೆಗಳು ರಂಗಭೂಮಿಯವರ ಬಾಯಲ್ಲಿ ಇವತ್ತಿಗೂ ಇವೆ. ಅಂದರೆ ಕಂಪನಿ ನಾಟಕದಲ್ಲಿ ಹಾಡೇ ರಾಜ, ನಾಟಕ ಅದಕ್ಕೆ ಕಾಯಬೇಕು.

ಹುಡುಗನಲ್ಲಿ ಏನೋ ಇದೆ ಅಂತ ವೀರಣ್ಣನವರಿಗೆ ಅನ್ನಿಸಿತು. ಕಂಪನಿಯಲ್ಲೇ ಇಟ್ಟುಕೊಂಡು ದುಡಿಸಬಹುದಿತ್ತು. ಅವರು ಹಾಗೆ ಮಾಡದೆ ಎಂ.ಎ. ಓದಲು ಬನಾರಸ್‌ಗೆ ಕಳಿಸಿದರು. ಅಲ್ಲಿ ಕಾರಂತರು ಪಂಡಿತ್ ಓಂಕಾರನಾಥ ಠಾಕೂರರ ಹತ್ತಿರ ಹಿಂದೂಸ್ತಾನಿ ಸಂಗೀತ ಕಲಿತರು. ಅಲ್ಲಿಂದ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ, 1962ರಲ್ಲಿ ಪದವಿ. ಆಮೇಲೆ ದೆಹಲಿಯ ಸರ್ದಾರ್ ಪಟೇಲ್ ವಿದ್ಯಾಲಯದಲ್ಲಿ ಮಕ್ಕಳಿಗೆ ಮೇಷ್ಟ್ರು. ಕರಾವಳಿಯ ಯಕ್ಷಗಾನ ಬಾಲ್ಯದಿಂದಲೇ ಕಿವಿಯಲ್ಲಿತ್ತು. ಅದರ ಮೇಲೆ ಕಂಪನಿಯ ಮಟ್ಟು, ಅದರ ಮೇಲೆ ಬನಾರಸಿನ ರಾಗ.

ಇಷ್ಟೆಲ್ಲ ಕಲಿತವರು 70ರ ದಶಕದಲ್ಲಿ ಕನ್ನಡ ನಾಟಕಗಳನ್ನು ಮಾಡಿಸೋಕೆ ಶುರು ಮಾಡಿದಾಗ, ಕಂಪನಿಯ ಒಂದು ನಿಯಮವನ್ನು ಇಟ್ಟುಕೊಂಡರು, ಒಂದನ್ನು ಬಿಟ್ಟರು. ನಾಟಕ ಅಂದಮೇಲೆ ಹಾಡು ಇರಬೇಕು, ನಟನೇ ಹಾಡಬೇಕು ಅನ್ನೋದನ್ನ ಇಟ್ಟುಕೊಂಡರು. ಹಾಡಿಗಾಗಿ ನಾಟಕ ನಿಲ್ಲಬೇಕು ಅನ್ನೋದನ್ನ ಬಿಟ್ಟರು. ಅವರ ನಾಟಕಗಳಲ್ಲಿ ಹಾಡು ಕಥೆಯನ್ನು ಮುಂದಕ್ಕೆ ತಳ್ಳುವ ಕೆಲಸ ಮಾಡುತ್ತೆ. ರಾಗ ಚೆಂದ ಇದೆಯಾ ಅನ್ನೋದು ಎರಡನೇ ಪ್ರಶ್ನೆ. ಈ ಜಾಗದಲ್ಲಿ ಈ ಹಾಡು ಏನು ಮಾಡ್ತಿದೆ ಅನ್ನೋದು ಮೊದಲ ಪ್ರಶ್ನೆ.

ಹಾಗಾದರೆ ರಾಗ, ತಾಳ ಎಲ್ಲಿಂದ ಬರಬೇಕು? ಕಾರಂತರ ಉತ್ತರ: ಮಾತಿನ ಒಳಗಿಂದಲೇ. ಇದು ಕೇಳೋಕೆ ದೊಡ್ಡ ಸಿದ್ಧಾಂತದ ಥರ ಇದೆ, ಆದರೆ ತುಮಕೂರು ಬಸ್ ಸ್ಟ್ಯಾಂಡಲ್ಲಿ ನಿಂತರೆ ಅರ್ಥ ಆಗುತ್ತೆ. ಹೈಸ್ಕೂಲಲ್ಲಿ ಲಘು ಅಂದರೆ ಒಂದು ಮಾತ್ರೆ, ಗುರು ಅಂದರೆ ಎರಡು ಮಾತ್ರೆ ಅಂತ ಪ್ರಸ್ತಾರ ಹಾಕಿದ್ದು ನೆನಪಿದೆಯಲ್ಲ? (ಇಂಗ್ಲಿಷ್ ಮೀಡಿಯಮ್ಮಿನ ನಮ್ಮನ್ನೂ ಅದು ಬಿಟ್ಟಿರಲಿಲ್ಲ.) ಈಗ ಕಂಡಕ್ಟರ್ ಕೂಗೋದನ್ನ ಲೆಕ್ಕ ಹಾಕಿ. ‘ಗುಬ್ಬಿ’ ಅಂದರೆ ಒಂದು ಗುರು, ಒಂದು ಲಘು, ಒಟ್ಟು 3 ಮಾತ್ರೆ. ‘ಕುಣಿಗಲ್’ ಅಂದರೆ ಎರಡು ಲಘು, ಒಂದು ಗುರು, 4 ಮಾತ್ರೆ. ‘ತುಮಕೂರು’ 5 ಮಾತ್ರೆ. ಸಂಗೀತದವರು ಇದನ್ನೇ ತಿಶ್ರ, ಚತುರಶ್ರ, ಖಂಡ ಗತಿ ಅಂತಾರೆ. ‘ಗುಬ್ಬಿ ಕುಣಿಗಲ್’ ಅಂತ ಸೇರಿಸಿ ಹೇಳಿದರೆ 7 ಮಾತ್ರೆ, ಅದು ಮಿಶ್ರ. ಬೆಂಚ್ ಮೇಲೆ ಬೆರಳಲ್ಲಿ ಬಾರಿಸುತ್ತಾ ಒಂದೊಂದನ್ನೂ ಹತ್ತು ಸಲ ಹೇಳಿ ನೋಡಿ, ನಡಿಗೆ ಬೇರೆ ಬೇರೆ ಆಗೋದು ನಿಮಗೇ ಗೊತ್ತಾಗುತ್ತೆ. ಊರಿನ ಹೆಸರಿನಲ್ಲೇ ತಾಳ ಇದೆ ಅಂದಮೇಲೆ ನಾಟಕದ ಒಂದು ಸಂಭಾಷಣೆಯಲ್ಲಿ ಎಷ್ಟಿರಬೇಕು!

ಕಾರಂತರು ರಾಷ್ಟ್ರೀಯ ನಾಟಕ ಶಾಲೆಗಾಗಿ ಮಾಡಿಸಿದ ‘ಅಂಧೇರ್ ನಗರಿ’ ಇದಕ್ಕೆ ಒಳ್ಳೆ ಉದಾಹರಣೆ. ಭಾರತೇಂದು ಹರಿಶ್ಚಂದ್ರರ ಹಳೆಯ ಹಿಂದಿ ನಾಟಕ ಅದು. ಸಂತೆಯಲ್ಲಿ ವ್ಯಾಪಾರಿಗಳು ಸರಕು ಮಾರಲು ಕೂಗುವ ಕೂಗೇ ಅಲ್ಲಿ ಹಾಡಾಗುತ್ತೆ. ಜಡಭರತರ ‘ಸತ್ತವರ ನೆರಳು’ ನಾಟಕಕ್ಕೆ ದಾಸರ ಪದಗಳನ್ನು ತಂದರು. ಮಠದ ಒಳಗಿನ ರಾಜಕೀಯದ ಕಥೆ ಅದು. ನಾವು ಭಜನೆ ಅಂತ ಕೇಳಿದ ಪದವೇ ಅಲ್ಲಿ ಚುಚ್ಚು ಮಾತಾಗಿ ಕೇಳಿಸುತ್ತೆ. ಷೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ಅನ್ನು 1979ರಲ್ಲಿ ‘ಬರ್ನಂ ವನ’ ಅನ್ನೋ ಹೆಸರಲ್ಲಿ ಹಿಂದಿಯಲ್ಲಿ ಮಾಡಿಸಿದಾಗ ಯಕ್ಷಗಾನದ ನಡೆಯನ್ನು ಬಳಸಿದರು. ವಾದ್ಯ ಇಲ್ಲ ಅಂತ ಅವರು ಕೂತವರಲ್ಲ. ಕಲ್ಲು, ಬಿದಿರು, ಪಾತ್ರೆ, ನಟರ ಉಸಿರು, ಏನರಲ್ಲಿ ಶಬ್ದ ಬರುತ್ತೋ ಅದೆಲ್ಲ ಅವರಿಗೆ ವಾದ್ಯ.

ಸಿನಿಮಾದಲ್ಲಿ ಇನ್ನೂ ಕಡಿಮೆ ಸಾಮಾನು. ‘ಚೋಮನ ದುಡಿ’ಯಲ್ಲಿ ಚೋಮ ಬಾಯಿಬಿಟ್ಟು ಹೇಳಲಾಗದ ಸಂಕಟವನ್ನು ದುಡಿ ಬಾರಿಸಿ ಹೇಳ್ತಾನೆ. ಆ ಚಿತ್ರಕ್ಕೆ ದೇಶದ ಅತ್ಯುತ್ತಮ ಚಿತ್ರ ಅಂತ ಸ್ವರ್ಣಕಮಲ ಬಂತು. ‘ಋಷ್ಯಶೃಂಗ’ (1976) ಮತ್ತು ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977), ಈ ಎರಡಕ್ಕೂ ಸತತವಾಗಿ ಅತ್ಯುತ್ತಮ ಸಂಗೀತ ನಿರ್ದೇಶನದ ರಾಷ್ಟ್ರಪ್ರಶಸ್ತಿ ಕಾರಂತರಿಗೇ ಬಂತು. ಬಂಗಾಳದ ಮೃಣಾಲ್ ಸೇನ್ ಅವರ ‘ಏಕ್ ದಿನ್ ಪ್ರತಿದಿನ್’ ಮತ್ತು ‘ಖಾರಿಜ್’ ಚಿತ್ರಗಳಿಗೂ ಸಂಗೀತ ಇವರದೇ.

1977ರಿಂದ 1981ರವರೆಗೆ ತಾವು ಓದಿದ ನಾಟಕ ಶಾಲೆಗೇ ನಿರ್ದೇಶಕರಾಗಿದ್ದರು. 1981ರಲ್ಲಿ ಪದ್ಮಶ್ರೀ ಬಂತು. 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಶುರುವಾದಾಗ ಅದರ ಮೊದಲ ನಿರ್ದೇಶಕರಾದರು. ಬೆಂಗಳೂರಲ್ಲಿ ಅವರು ಕಟ್ಟಿದ ತಂಡದ ಹೆಸರು ‘ಬೆನಕ’. ಬೆಂಗಳೂರು ನಗರ ಕಲಾವಿದರು ಅನ್ನೋದರ ಶಾರ್ಟ್ ಫಾರ್ಮ್ ಅದು, ನಮ್ಮ ಕಾಲೇಜಿನ ಡಿಪಾರ್ಟ್‌ಮೆಂಟ್ ಹೆಸರುಗಳ ಥರಾನೇ! 2002ರ ಸೆಪ್ಟೆಂಬರ್ 1ರಂದು ಅವರು ತೀರಿಕೊಂಡರು.

ಮಕ್ಕಳಿಗಾಗಿ ಅವರು ಬರೆದ ‘ಪಂಜರ ಶಾಲೆ’ ಬಗ್ಗೆ ಹೇಳದೆ ಮುಗಿಸೋಕಾಗಲ್ಲ. ಮೂಲ ಕಥೆ ರವೀಂದ್ರನಾಥ ಠಾಕೂರರದು. ಹಾರಿಕೊಂಡು ಹಾಡಿಕೊಂಡು ಇದ್ದ ಗಿಳಿಗೆ ವಿದ್ಯೆ ಕಲಿಸಬೇಕು ಅಂತ ರಾಜ ಚಿನ್ನದ ಪಂಜರ ಮಾಡಿಸ್ತಾನೆ. ಪಂಡಿತರು ಪುಸ್ತಕದ ಹಾಳೆಗಳನ್ನೇ ಅದರ ಗಂಟಲಿಗೆ ತುರುಕ್ತಾರೆ. ಮೊದಲು ನಿಲ್ಲೋದು ಹಾಡು, ಆಮೇಲೆ ಗಿಳಿಯ ಉಸಿರು. ಇಂಟರ್ನಲ್ಸ್ ಹಿಂದಿನ ರಾತ್ರಿ ಪಿಡಿಎಫ್ ನುಂಗುವ ನಮಗೆ ಇದನ್ನ ಬೇರೆ ಯಾರೂ ವಿವರಿಸಬೇಕಾಗಿಲ್ಲ.

ಈ ವರ್ಷದ ರಾಜ್ಯೋತ್ಸವಕ್ಕೆ ನಮ್ಮ ಸಂಘ ನಾಟಕ ಮಾಡ್ತಿದೆ. ಸಂಗೀತಕ್ಕೆ ಡೌನ್‌ಲೋಡ್ ಮಾಡಿದ ಟ್ರ್ಯಾಕ್ ಹಾಕೋದಾ, ನಾವೇ ಹಾಡೋದಾ ಅನ್ನೋ ಚರ್ಚೆ ನಡೀತಿದೆ. ಟ್ರ್ಯಾಕ್ ಪರ ಇರೋರ ವಾದ ಸುಳ್ಳಲ್ಲ: ಶ್ರುತಿ ತಪ್ಪಲ್ಲ, ಪ್ರಾಕ್ಟೀಸ್ ಉಳಿಯುತ್ತೆ, ಎಲ್ಲರಿಗೂ ಲ್ಯಾಬ್ ರೆಕಾರ್ಡ್ ಬರೆಯೋದಿದೆ. ಆದರೆ ನಟ ಒಂದು ಮಾತಿಗೆ ಎರಡು ಸೆಕೆಂಡ್ ಜಾಸ್ತಿ ತೆಗೆದುಕೊಂಡರೆ ಟ್ರ್ಯಾಕ್ ಕಾಯಲ್ಲ, ಹಾಡುವವರು ಕಾಯ್ತಾರೆ. ಕಾರಂತರ ಸಂಗೀತ ನಿಂತಿರೋದೇ ಆ ಎರಡು ಸೆಕೆಂಡಿನ ಮೇಲೆ. ಅದಕ್ಕೇ ನಮ್ಮ ಓಟು ಹಾಡೋದಕ್ಕೆ. ವೀರಣ್ಣನವರ ಹೆಸರಿನ ಕಲಾಕ್ಷೇತ್ರ ಇರೋ ಊರಲ್ಲಿ ಓದ್ತಿದ್ದೇವೆ, ಇಷ್ಟಾದರೂ ಪ್ರಯತ್ನ ಮಾಡೋಣ.

ಬರೋರು ಒಂದು ಸ್ಟೀಲ್ ಲೋಟ ಮತ್ತೆ ಒಂದು ಸ್ಕೇಲ್ ತನ್ನಿ. ಸಂಗೀತ ಗೊತ್ತಿರಲೇಬೇಕು ಅಂತ ಇಲ್ಲ. ಮೊದಲ ದಿನ ‘ಗುಬ್ಬಿ, ಕುಣಿಗಲ್, ತುಮಕೂರು’ ಅಷ್ಟನ್ನೇ ಬಾರಿಸೋಣ.